ಯಾವ ಪುಸ್ತಕದಿಂದ ಶುರು ಮಾಡಲಿ ಅಂತ ಕೇಳುವವರಿಗೆ

ನಮ್ಮ ಮನೆಯ ಹಾಲ್‌ನಲ್ಲಿ ಒಂದು ಪುಸ್ತಕದ ಕಪಾಟಿದೆ. ಮೇಲಿನ ಮೂರು ಸಾಲು ಕನ್ನಡ. ಕೆಳಗಿನ ಎರಡು ಸಾಲು ಪೂರ್ತಿ ಬ್ರೂಕ್ಲಿನ್ ಡಾಡ್ಜರ್ಸ್. ಮನೆಗೆ ಬಂದವರ ಕಣ್ಣು ಕೆಳಗಿನ ಸಾಲಿಗೇ ಹೋಗುತ್ತದೆ. ಚಪ್ಪಲಿ ಬಿಟ್ಟು ಒಳಗೆ ಬಂದು ಐದು ನಿಮಿಷ ಆಗಿರುವುದಿಲ್ಲ, ಪ್ರಶ್ನೆ ಬಂದೇ ಬಿಡುತ್ತದೆ. “ಒಂದು ಬೇಸ್‌ಬಾಲ್ ತಂಡದ ಬಗ್ಗೆ ಇಷ್ಟೊಂದು ಪುಸ್ತಕಾನಾ? ನಾನು ಓದಬೇಕು ಅಂದ್ರೆ ಯಾವುದರಿಂದ ಶುರು ಮಾಡಲಿ?”

ನ್ಯೂಜೆರ್ಸಿಗೆ ಬಂದು ಹದಿಮೂರು ವರ್ಷವಾಯಿತು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಉತ್ತರ ಇಷ್ಟೇ. ಡೋರಿಸ್ ಕರ್ನ್ಸ್ ಗುಡ್ವಿನ್ 1997ರಲ್ಲಿ ಬರೆದ ‘ವೇಟ್ ಟಿಲ್ ನೆಕ್ಸ್ಟ್ ಇಯರ್’ ಓದಿ. ಬೇಸ್‌ಬಾಲ್ ನಿಯಮ ಒಂದೂ ಗೊತ್ತಿರಬೇಕಾಗಿಲ್ಲ. ಪುಸ್ತಕದ ಹೆಸರು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ಆದರೆ ಯಾರೂ ನಿಲ್ಲಿಸುವುದಿಲ್ಲ. ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ. “ಡಾಡ್ಜರ್ಸ್-ಜೈಂಟ್ಸ್ ಅಂದ್ರೆ ನಮ್ಮ ಭಾರತ-ಪಾಕಿಸ್ತಾನ ಥರ ಅಲ್ವಾ?”

ಅಲ್ಲ. ಖಂಡಿತ ಅಲ್ಲ. ಎರಡು ವರ್ಷದ ಹಿಂದೆ ಎಡಿಸನ್‌ನಲ್ಲಿ ಒಬ್ಬರ ಗೃಹಪ್ರವೇಶದ ಊಟದಲ್ಲಿ ಪಕ್ಕದಲ್ಲಿ ಕೂತವರು ಇದೇ ಮಾತು ಹೇಳಿದರು. ನಾನು ಉತ್ತರ ಕೊಡುವ ಮೊದಲೇ ಎದುರಿನವರಿಗೆ ತಾವೇ ವಿವರಿಸಲು ಶುರು ಮಾಡಿದರು. ನನಗೆ ಸಿಟ್ಟು ಬಂತು. ಬಿಸಿಬೇಳೆಬಾತಿನ ತಟ್ಟೆ ಕೆಳಗಿಟ್ಟು ಇಪ್ಪತ್ತು ನಿಮಿಷ ಮಾತಾಡಿದೆ. ಬಾತು ಆರಿ ಗಟ್ಟಿಯಾಯಿತು. ಮನೆಯವರು ಬಂದು ಬೇರೆ ತಟ್ಟೆ ಕೊಟ್ಟರು. “ಇಷ್ಟಕ್ಕೆಲ್ಲಾ ಯಾಕೆ ಬೇಜಾರು ಮಾಡ್ಕೋತೀರಿ?” ಅಂದರು ಆ ಮನುಷ್ಯ. ಯಾಕೆ ಅಂತ ಹೇಳುತ್ತೇನೆ.

ಅವರು ಹೇಳಿದ ಜಗಳದಲ್ಲಿ ನಡುವೆ ಗಡಿ ಇದೆ, ಬೇಲಿ ಇದೆ, ವೀಸಾ ಇದೆ. ಇಲ್ಲಿ ಯಾವುದೂ ಇರಲಿಲ್ಲ. 1957ರ ತನಕ ನ್ಯೂಯಾರ್ಕ್ ಒಂದೇ ಊರಲ್ಲಿ ಮೂರು ತಂಡಗಳಿದ್ದವು. ಬ್ರಾಂಕ್ಸ್‌ನಲ್ಲಿ ಯಾಂಕೀಸ್. ಮ್ಯಾನ್‌ಹಟನ್ನಿನ ಮೇಲ್ತುದಿಯ ಪೋಲೋ ಗ್ರೌಂಡ್ಸ್‌ನಲ್ಲಿ ಜೈಂಟ್ಸ್. ಬ್ರೂಕ್ಲಿನ್‌ನ ಎಬೆಟ್ಸ್ ಫೀಲ್ಡ್‌ನಲ್ಲಿ ಡಾಡ್ಜರ್ಸ್. ಡಾಡ್ಜರ್ಸ್ ಮತ್ತು ಜೈಂಟ್ಸ್ ಒಂದೇ ಲೀಗ್‌ನವರು. ಹಾಗಾಗಿ ಪ್ರತಿ ವರ್ಷ 22 ಪಂದ್ಯ ಒಬ್ಬರ ಮೇಲೊಬ್ಬರು ಆಡಲೇಬೇಕು. ವೈರಿಯ ಅಂಗಳಕ್ಕೆ ಹೋಗಲು ಸಬ್‌ವೇ ಟಿಕೆಟ್ ಸಾಕಿತ್ತು. ವೈರಿ ಅಂದರೆ ನಿಮ್ಮ ಆಫೀಸಿನವನು, ನಿಮ್ಮ ಭಾವಮೈದುನ, ನೀವು ದಿನಾ ಸಾಮಾನು ತರುವ ಅಂಗಡಿಯವನು. ರಾತ್ರಿ ಸೋತರೆ ಬೆಳಿಗ್ಗೆ ಅವನ ಮುಖ ನೋಡಬೇಕು. ಮುಖ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಆ ಜಗಳದ ತೂಕವೇ ಬೇರೆ.

ಗುಡ್ವಿನ್ ಪುಸ್ತಕವನ್ನು ಮೊದಲು ಓದಿ ಅನ್ನುವುದೂ ಇದಕ್ಕೇ. ಲಾಂಗ್ ಐಲೆಂಡ್‌ನ ರಾಕ್‌ವಿಲ್ ಸೆಂಟರ್ ಅನ್ನುವ ಊರು. ಆರು ವರ್ಷದ ಹುಡುಗಿಗೆ, ಅಂದರೆ ಗುಡ್ವಿನ್‌ಗೇ, ಅಪ್ಪ ಒಂದು ಕೆಂಪು ಸ್ಕೋರ್ ಪುಸ್ತಕ ಕೊಡುತ್ತಾರೆ. ಅವಳು ಮಧ್ಯಾಹ್ನ ರೇಡಿಯೋ ಮುಂದೆ ಕೂತು ಒಂದೊಂದು ಆಟವನ್ನೂ ಗುರುತು ಹಾಕಿಕೊಳ್ಳುತ್ತಾಳೆ. ಸಂಜೆ ಅಪ್ಪ ಕೆಲಸದಿಂದ ಬಂದ ಮೇಲೆ ಇಡೀ ಪಂದ್ಯವನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತಾಳೆ. ಮರುದಿನದ ಪೇಪರ್‌ನಲ್ಲಿ ಅದೆಲ್ಲಾ ಬರುತ್ತದೆ ಅಂತ ಅಪ್ಪ ಅವಳಿಗೆ ಹೇಳುವುದೇ ಇಲ್ಲ. ತಾನು ಹೇಳದಿದ್ದರೆ ಅಪ್ಪನಿಗೆ ಗೊತ್ತೇ ಆಗುವುದಿಲ್ಲ ಅಂದುಕೊಂಡಿರುತ್ತಾಳೆ ಆ ಮಗು. ಈ ಭಾಗವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

ಅವಳ ಬೀದಿಯ ಹತ್ತಿರ ಒಂದು ಮಾಂಸದ ಅಂಗಡಿ. ಅಲ್ಲಿ ಕೆಲಸ ಮಾಡುವವರು ಜೈಂಟ್ಸ್ ಕಡೆಯವರು. ದಿನಾ ಅವಳನ್ನು ಕೆಣಕುತ್ತಾರೆ, ಅವಳೂ ಬಿಡುವುದಿಲ್ಲ. 1951ರಲ್ಲಿ ಡಾಡ್ಜರ್ಸ್ ಸೋತಾಗ ಅವಳಿಗೆ ಆ ಅಂಗಡಿಗೆ ಕಾಲಿಡಲು ಆಗುವುದಿಲ್ಲ. ಕೆಲವು ದಿನ ಕಾದು ನೋಡಿ, ಅವರು ಅವಳ ಮನೆಗೆ ಹೂವು ಕಳಿಸುತ್ತಾರೆ. ವಾಪಸ್ ಬಾ, ನೀನಿಲ್ಲದೆ ಬೇಜಾರು ಅಂತ ಚೀಟಿ. ಎಂಟು ವರ್ಷದ ಹುಡುಗಿಗೆ, ಗೆದ್ದ ಕಡೆಯವರಿಂದ. ಈಗ ಹೇಳಿ, ಇದು ಗಡಿಯ ಜಗಳ ಥರ ಇದೆಯಾ?

1951ರ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಆಗಸ್ಟ್‌ನಲ್ಲಿ ಡಾಡ್ಜರ್ಸ್ ಹದಿಮೂರು ಪಂದ್ಯಗಳಷ್ಟು ಮುಂದಿದ್ದರು. ಜೈಂಟ್ಸ್ ಬೆನ್ನು ಬಿಡದೆ ಬಂದು ಕೊನೆಗೆ ಸಮ ಮಾಡಿದರು. ಲೀಗ್ ಗೆದ್ದವರು ಯಾರು ಅಂತ ಮೂರು ಪಂದ್ಯಗಳ ನಿರ್ಣಯ. ಒಂದು ಇವರಿಗೆ, ಒಂದು ಅವರಿಗೆ. ಅಕ್ಟೋಬರ್ 3ರಂದು ಪೋಲೋ ಗ್ರೌಂಡ್ಸ್‌ನಲ್ಲಿ ಮೂರನೆಯದು. ಜೈಂಟ್ಸ್ ಕೊನೆಯ ಇನ್ನಿಂಗ್ಸ್‌ಗೆ ಇಳಿದಾಗ ಡಾಡ್ಜರ್ಸ್ 4-1 ಮುಂದೆ. ಸ್ಕೋರ್ 4-2 ಆಗಿ, ಇನ್ನಿಬ್ಬರು ಬೇಸ್ ಮೇಲೆ ನಿಂತಿದ್ದಾಗ ಡಾಡ್ಜರ್ಸ್ ರಾಲ್ಫ್ ಬ್ರಾಂಕಾನನ್ನು ಪಿಚರ್ ಆಗಿ, ಅಂದರೆ ಚೆಂಡು ಎಸೆಯಲು, ಕಳಿಸಿದರು. ಅವನ ಎರಡನೇ ಎಸೆತವನ್ನು ಬಾಬಿ ಥಾಮ್ಸನ್ ಎಡಗಡೆಯ ಸ್ಟ್ಯಾಂಡ್‌ಗೆ ಕಳಿಸಿದ. ಹೋಮ್ ರನ್, ನಮ್ಮ ಸಿಕ್ಸರ್ ಥರ. ಬೇಸ್ ಮೇಲಿದ್ದ ಇಬ್ಬರದೂ ಸೇರಿ ಮೂರು ರನ್. 5-4. ಮುಗಿಯಿತು.

ನನಗೆ ಯಾರಾದರೂ ಕೇಳಬೇಕು ಅಂತ ಇಷ್ಟು ವರ್ಷ ಕಾದಿರುವ ಪ್ರಶ್ನೆ ಇಲ್ಲಿದೆ. ಯಾವ ಪುಸ್ತಕ ಅಂತ ಕೇಳಬೇಡಿ. ಬ್ರಾಂಕಾ ಆಮೇಲೆ ಏನಾದ ಅಂತ ಕೇಳಿ.

ಅವತ್ತಿನ ಒಂದು ಫೋಟೋ ಇದೆ. ಡ್ರೆಸಿಂಗ್ ರೂಮಿನ ಮೆಟ್ಟಿಲ ಮೇಲೆ ಒಬ್ಬ ದೊಡ್ಡ ಆಳು ಮುಖ ಕೆಳಗೆ ಮಾಡಿ ಬಿದ್ದಿದ್ದಾನೆ. ಮುಖ ಕಾಣುವುದಿಲ್ಲ. ಬೆನ್ನ ಮೇಲೆ 13 ಅನ್ನುವ ಅಂಕಿ ಮಾತ್ರ ಕಾಣುತ್ತದೆ. ಇಪ್ಪತ್ತೊಂದನೇ ವಯಸ್ಸಿಗೆ ಒಂದೇ ಸೀಸನ್‌ನಲ್ಲಿ 21 ಪಂದ್ಯ ಗೆದ್ದ ಪಿಚರ್ ಅವನು. ಅದು ಯಾರಿಗೂ ನೆನಪಿಲ್ಲ. ಆ ಒಂದು ಎಸೆತ ಮಾತ್ರ ನೆನಪಿದೆ. ಮೂರು ವರ್ಷದ ಮೇಲೆ, 1954ರಲ್ಲಿ, ಜೊತೆ ಆಟಗಾರನೊಬ್ಬ ಅವನಿಗೆ ಒಂದು ಗುಟ್ಟು ಹೇಳಿದ. ಜೈಂಟ್ಸ್ 1951ರಲ್ಲಿ ತಮ್ಮ ಮೈದಾನದಲ್ಲಿ ಟೆಲಿಸ್ಕೋಪ್ ಇಟ್ಟಿದ್ದರು. ಮೈದಾನದ ಆ ತುದಿಯ ಕೋಣೆಯಿಂದ ಎದುರಾಳಿ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ತನ್ನ ಪಿಚರ್‌ಗೆ ಮಾಡುವ ಬೆರಳ ಸನ್ನೆ ನೋಡಿ, ಮುಂದಿನ ಎಸೆತ ಯಾವುದು ಅಂತ ಬಝರ್ ತಂತಿಯ ಮೂಲಕ ತಮ್ಮವರಿಗೆ ತಿಳಿಸುತ್ತಿದ್ದರು.

ಬ್ರಾಂಕಾ ಬಾಯಿ ಬಿಡಲಿಲ್ಲ. ಒಂದು ವರ್ಷ ಎರಡು ವರ್ಷ ಅಲ್ಲ, ದಶಕಗಟ್ಟಲೆ. ಸೋತವನು ನೆಪ ಹೇಳುತ್ತಿದ್ದಾನೆ ಅನ್ನಿಸಿಕೊಳ್ಳಲು ಅವನಿಗೆ ಇಷ್ಟವಿರಲಿಲ್ಲ. ಅಷ್ಟೇ ಅಲ್ಲ, ಥಾಮ್ಸನ್ ಜೊತೆ ಗೆಳೆತನವೂ ಬೆಳೆಯಿತು. ಇಬ್ಬರೂ ಅಕ್ಕಪಕ್ಕ ಕೂತು ಅದೇ ಹೋಮ್ ರನ್ನಿನ ಫೋಟೋಗೆ ಸಹಿ ಹಾಕಿಕೊಡುತ್ತಿದ್ದರು. ಪತ್ರಕರ್ತ ಜೋಶುವಾ ಪ್ರೇಗರ್ 2001ರಲ್ಲಿ ಟೆಲಿಸ್ಕೋಪ್ ವಿಷಯವನ್ನು ಸಾಕ್ಷಿ ಸಮೇತ ಬರೆದರು. 2006ರಲ್ಲಿ ಅದು ‘ದಿ ಎಕೋಯಿಂಗ್ ಗ್ರೀನ್’ ಅನ್ನುವ ಪುಸ್ತಕವಾಯಿತು. ಆ ಎಸೆತಕ್ಕೆ ನಾನು ಸನ್ನೆ ತೆಗೆದುಕೊಂಡಿರಲಿಲ್ಲ ಅಂತಲೇ ಥಾಮ್ಸನ್ ಹೇಳುತ್ತಾ ಬಂದ. ಬ್ರಾಂಕಾ ತನ್ನ ಆತ್ಮಕಥೆ ಬರೆದದ್ದು 2011ರಲ್ಲಿ. ಆ ಹೊತ್ತಿಗೆ ಥಾಮ್ಸನ್ ತೀರಿಕೊಂಡು ಒಂದು ವರ್ಷವಾಗಿತ್ತು. ಅರವತ್ತು ವರ್ಷ ಎಂತೆಂಥವರಿಂದ ಮಾತು ಕೇಳಿಸಿಕೊಂಡಿರಬೇಕು ಆ ಮನುಷ್ಯ! ಕೈಯಲ್ಲಿ ಉತ್ತರ ಇಟ್ಟುಕೊಂಡೂ ಸುಮ್ಮನಿದ್ದ. ನನಗೆ ಈ ಇಡೀ ಕಪಾಟಿನಲ್ಲಿ ಅವನಿಗಿಂತ ದೊಡ್ಡವರು ಇಬ್ಬರು ಮೂವರು ಸಿಗಬಹುದು. ಜಾಸ್ತಿ ಇಲ್ಲ.

ಅವರಲ್ಲಿ ಒಬ್ಬ ಜಾಕಿ ರಾಬಿನ್ಸನ್. 1947ರ ಏಪ್ರಿಲ್ 15ರಂದು ಡಾಡ್ಜರ್ಸ್ ಅಂಗಿ ತೊಟ್ಟು, ಬಿಳಿಯರಿಗೆ ಮಾತ್ರ ಅಂತಿದ್ದ ಮೇಜರ್ ಲೀಗ್ ಬಾಗಿಲನ್ನು ತೆರೆದವನು. ಅವನ ಬಗ್ಗೆ ಒಂದು ದಂತಕಥೆಯನ್ನು ಎಲ್ಲರೂ ಹೇಳುತ್ತಾರೆ. 1956ರ ಡಿಸೆಂಬರ್‌ನಲ್ಲಿ ಡಾಡ್ಜರ್ಸ್ ಅವನನ್ನು ಜೈಂಟ್ಸ್‌ಗೆ ಕೊಟ್ಟರಂತೆ, ವೈರಿ ತಂಡಕ್ಕೆ ಆಡಲ್ಲ ಅಂತ ಅವನು ಆಟವನ್ನೇ ಬಿಟ್ಟನಂತೆ. ಕೊಟ್ಟದ್ದು ನಿಜ. ಆದರೆ ಆಟ ಬಿಡುವ ತೀರ್ಮಾನ ಅವನು ಮೊದಲೇ ಮಾಡಿದ್ದ. ಕಾಫಿ ಕಂಪನಿಯೊಂದರಲ್ಲಿ ಕೆಲಸ ಗೊತ್ತಾಗಿತ್ತು. ಅವನ ಆತ್ಮಕಥೆ ‘ಐ ನೆವರ್ ಹ್ಯಾಡ್ ಇಟ್ ಮೇಡ್’ ಅವನು ಸತ್ತ ವರ್ಷ, 1972ರಲ್ಲಿ ಬಂತು. ಎದ್ದು ನಿಂತು ರಾಷ್ಟ್ರಗೀತೆ ಹಾಡಲು ನನ್ನಿಂದ ಆಗುವುದಿಲ್ಲ ಅಂತ ಅದರಲ್ಲಿ ಬರೆಯುತ್ತಾನೆ. ಶುರು ಮಾಡುವವರಿಗೆ ಅದನ್ನು ಮೊದಲು ಕೊಡುವುದಿಲ್ಲ. ಎರಡನೆಯದಾಗಿ ಕೊಡುತ್ತೇನೆ.

ಅದೇ ವರ್ಷ ಬಂದದ್ದು ರೋಜರ್ ಕಾನ್ ಬರೆದ ‘ದಿ ಬಾಯ್ಸ್ ಆಫ್ ಸಮ್ಮರ್’. 1952, 1953ರಲ್ಲಿ ತಂಡದ ಜೊತೆ ಸುತ್ತಿದ ವರದಿಗಾರ, ವರ್ಷಗಳು ಕಳೆದ ಮೇಲೆ ಅದೇ ಆಟಗಾರರನ್ನು ಹುಡುಕಿಕೊಂಡು ಹೋಗುತ್ತಾರೆ. ರಾಕೆಟ್ ಥರ ಎಸೆಯುತ್ತಿದ್ದ ಕಾರ್ಲ್ ಫುರಿಲ್ಲೋ, ಆಗ ಕಟ್ಟುತ್ತಿದ್ದ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಲಿಫ್ಟ್ ಕೂರಿಸುವ ಕೆಲಸದಲ್ಲಿ ಸಿಗುತ್ತಾನೆ. ಕ್ಯಾಚರ್ ರಾಯ್ ಕ್ಯಾಂಪನೆಲ್ಲಾ ಗಾಲಿಕುರ್ಚಿಯಲ್ಲಿ ಸಿಗುತ್ತಾನೆ.

ಹೋಲಿಸಲೇಬೇಕು ಅನ್ನುವವರಿಗೆ ಒಂದು ಹೋಲಿಕೆ ಕೊಡುತ್ತೇನೆ. 1941, 1947, 1949, 1952, 1953. ಐದು ಸಲ ಡಾಡ್ಜರ್ಸ್ ಫೈನಲ್‌ಗೆ ಹೋಗಿ ಐದು ಸಲವೂ ಯಾಂಕೀಸ್ ಕೈಲಿ ಸೋತರು. ಪ್ರತಿ ಸಲವೂ ಬ್ರೂಕ್ಲಿನ್ ಜನ ಹೇಳಿದ್ದು ಒಂದೇ ಮಾತು, ಮುಂದಿನ ವರ್ಷ ನೋಡೋಣ. ಗುಡ್ವಿನ್ ಪುಸ್ತಕದ ಹೆಸರೂ ಅದೇ. ‘ಈ ಸಲ ಕಪ್ ನಮ್ದೇ’ ಅಂತ ವರ್ಷಗಟ್ಟಲೆ ಕೂಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1955ರ ಅಕ್ಟೋಬರ್ 4ರಂದು ಕೊನೆಗೂ ಗೆದ್ದರು. ಈಗ ಇದನ್ನು ಊಹಿಸಿಕೊಳ್ಳಿ. ಕಪ್ ಬಂದ ಎರಡೇ ವರ್ಷಕ್ಕೆ ಆರ್‌ಸಿಬಿ ಬೆಂಗಳೂರು ಬಿಟ್ಟು ಹೋದರೆ? ಬ್ರೂಕ್ಲಿನ್‌ನಲ್ಲಿ ಆದದ್ದು ಅದೇ. 1957ರ ಸೆಪ್ಟೆಂಬರ್ 24ರಂದು ಎಬೆಟ್ಸ್ ಫೀಲ್ಡ್‌ನಲ್ಲಿ ಕೊನೆಯ ಪಂದ್ಯ. ನೋಡಲು ಬಂದವರು 6,702 ಜನ. ಆಮೇಲೆ ತಂಡ ಲಾಸ್ ಏಂಜಲೀಸ್‌ಗೆ ಹೋಯಿತು. ತಪ್ಪು ಮಾಲೀಕ ವಾಲ್ಟರ್ ಓಮ್ಯಾಲಿಯದಾ, ನಗರದ ಅಧಿಕಾರಿ ರಾಬರ್ಟ್ ಮೋಸೆಸ್‌ದಾ ಅಂತ ಇವತ್ತಿಗೂ ವಾದ ಮಾಡುತ್ತಾರೆ. ನಾನು ಅದಕ್ಕೆ ಕೈ ಹಾಕುವುದಿಲ್ಲ.

ಜೈಂಟ್ಸ್ ಕೂಡ ಅದೇ ಸಲ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟರು. ಬೈದಾಡಲು ಇದ್ದ ಪಕ್ಕದವರೂ ಇಲ್ಲ.

ಬ್ರೂಕ್ಲಿನ್‌ನ ಬೆಡ್‌ಫರ್ಡ್ ಅವೆನ್ಯೂಗೆ ನಾನು ಹೋಗಿ ನೋಡಿದ್ದೇನೆ. ಈಗ ಅಲ್ಲಿರುವುದು ಎತ್ತರದ ಅಪಾರ್ಟ್‌ಮೆಂಟ್‌ಗಳು. ಇದು ಹಿಂದೆ ಎಬೆಟ್ಸ್ ಫೀಲ್ಡ್ ಇದ್ದ ಜಾಗ ಅಂತ ಗೋಡೆಯಲ್ಲಿ ಒಂದು ಕಲ್ಲು, ಅದರ ಮೇಲೆ 1962 ಅನ್ನುವ ಇಸವಿ. ಪೋಲೋ ಗ್ರೌಂಡ್ಸ್ ಇದ್ದಲ್ಲೂ ಅಪಾರ್ಟ್‌ಮೆಂಟೇ. 1960ರಲ್ಲಿ ಎಬೆಟ್ಸ್ ಫೀಲ್ಡ್ ಒಡೆಯಲು ತಂದ ಕಬ್ಬಿಣದ ಗುಂಡಿಗೆ ಬಿಳಿ ಬಣ್ಣ ಬಳಿದು, ಕೆಂಪು ಹೊಲಿಗೆ ಬರೆದು, ಬೇಸ್‌ಬಾಲ್ ಥರ ಮಾಡಿದ್ದರು. ನಾಲ್ಕು ವರ್ಷದ ಮೇಲೆ ಜೈಂಟ್ಸ್ ಅಂಗಳವನ್ನು ಒಡೆದದ್ದೂ ಅದೇ ಗುಂಡು.

ಗುಡ್ವಿನ್ ಪುಸ್ತಕದ ಎರಡು ಪ್ರತಿ ಇಟ್ಟಿದ್ದೇನೆ. ಒಂದು ಕೊಡುವುದಕ್ಕೇ ಅಂತ ಇದೆ, ತಗೊಂಡು ಹೋಗಿ. ಬ್ರಾಂಕಾ ಬರೆದದ್ದು ಮಾತ್ರ ಮನೆಯಿಂದ ಆಚೆ ಹೋಗುವುದಿಲ್ಲ. ಓದಬೇಕು ಅನ್ನುವವರು ಶನಿವಾರ ಬಂದು ಕೂತು ಓದಿ, ಕಾಫಿ ಮಾಡಿಕೊಡುತ್ತೇನೆ.