ಮತ್ತಿನ ಮದ್ದು ಆಗಿಬರದ ಮನೆ

ಆಪರೇಷನ್ನಿನ ಹಿಂದಿನ ಸಂಜೆ ಪೇಷಂಟನ್ನು ನೋಡಲು ಹೋದಾಗ ಮತ್ತು ಕೊಡುವ ಡಾಕ್ಟರಾದ ನಾನು ಕೇಳುವ ಪ್ರಶ್ನೆಗಳು ಹತ್ತೋ ಹನ್ನೆರಡೋ. ಬಿಪಿ ಇದೆಯಾ, ಶುಗರ್ ಇದೆಯಾ, ಅಲ್ಲಾಡುವ ಹಲ್ಲಿದೆಯಾ. ಕೊನೆಯದು, ‘ಮನೇಲಿ ಯಾರಿಗಾದ್ರೂ ಮತ್ತು ಕೊಟ್ಟಾಗ ತೊಂದರೆ ಆಗಿತ್ತಾ?’ ಇಪ್ಪತ್ತು ವರ್ಷದಿಂದ ಇದಕ್ಕೆ ಹೆಚ್ಚುಕಮ್ಮಿ ಒಂದೇ ಉತ್ತರ. ಹಾಗಾಗಿ ಕೇಳುವ ಮೊದಲೇ ಪೆನ್ನು ‘ಇಲ್ಲ’ದ ಕಡೆ ವಾಲಿರುತ್ತದೆ.

ಹೋದ ಮಳೆಗಾಲದಲ್ಲಿ ಪಿತ್ತಕೋಶದ ಕಲ್ಲಿಗೆಂದು ಬಂದಿದ್ದ ಹೆಂಗಸೊಬ್ಬರು ಪೆನ್ನು ತಡೆದರು. ‘ನಮ್ ತವರುಮನೆಗೆ ಮತ್ತಿನ ಮದ್ದು ಆಗಿಬರಲ್ಲ ಡಾಕ್ಟ್ರೆ.’

ಜೊತೆಗಿದ್ದ ಜೂನಿಯರ್ ನಕ್ಕ. ಅವನದ್ದೇನೂ ತಪ್ಪಿಲ್ಲ, ಒಂದು ಮನೆಗೆ ಬಿಳಿ ಹಸು ಆಗಿಬರಲ್ಲ, ಇನ್ನೊಂದಕ್ಕೆ ನಿಂಬೆಗಿಡ ಆಗಿಬರಲ್ಲ, ಇದೂ ಅಂಥದ್ದೇ ಅಂದುಕೊಂಡ. ನಾನು ಸ್ಟೂಲ್ ಎಳೆದುಕೊಂಡು ಕೂತೆ. ಆಕೆಯ ಚಿಕ್ಕಪ್ಪ ಹರ್ನಿಯಾ ಆಪರೇಷನ್ನಿನ ಟೇಬಲ್ ಮೇಲೇ ಹೋಗಿದ್ದರಂತೆ. ಆ ಚಿಕ್ಕಪ್ಪನ ಮಗನಿಗೆ ಆರನೇ ವಯಸ್ಸಿನಲ್ಲಿ ಟಾನ್ಸಿಲ್‌ಗೆ ಮತ್ತು ಕೊಟ್ಟಾಗ ದವಡೆ ಕಚ್ಚಿಕೊಂಡು ಮೈ ಕೆಂಡವಾಗಿತ್ತು, ಹುಡುಗ ಉಳಿಯಲಿಲ್ಲ. ಕಾಗದ ಪತ್ರ ಒಂದೂ ಇಲ್ಲ. ‘ಅಪ್ಪಂಗೆ?’ ಅಂದೆ. ‘ಅವ್ರು ಆಸ್ಪತ್ರೆ ಮೆಟ್ಲೇ ಹತ್ತಿಲ್ಲ.’

ನನಗೆ ತಕ್ಷಣ ನೆನಪಾದದ್ದು ಪುಸ್ತಕದಲ್ಲಿ ಓದಿದ್ದ ಮೆಲ್ಬರ್ನಿನ ಒಬ್ಬ ಹುಡುಗ. ಇಪ್ಪತ್ತೊಂದು ವರ್ಷ, ಕಾಲಿನ ಮೂಳೆ ಮುರಿದು ಚರ್ಮ ಸೀಳಿ ಹೊರಬಂದಿತ್ತು. ಅವನಿಗೆ ಕಾಲಿನ ಚಿಂತೆಗಿಂತ ಮತ್ತಿನದೇ ಭಯ. ಮತ್ತು ಕೊಟ್ಟ ಮೇಲೆ ಅವನ ಬಂಧುಗಳಲ್ಲಿ ಹತ್ತು ಜನ ಸತ್ತಿದ್ದರು. ಆಗ ಹೊಸದಾಗಿದ್ದ ಹ್ಯಾಲೊಥೇನ್ ಎನ್ನುವ ಮತ್ತಿನ ಗ್ಯಾಸ್ ಕೊಟ್ಟರು. ಹತ್ತು ನಿಮಿಷಕ್ಕೆ ಬಿಪಿ ಇಳಿಯಿತು, ನಾಡಿ ಏರಿತು, ಮೈ ಕಾದಿತು. ಗ್ಯಾಸ್ ನಿಲ್ಲಿಸಿ ಐಸ್ ಇಟ್ಟು ಉಳಿಸಿಕೊಂಡರು. ಮೈಕೆಲ್ ಡೆನ್‌ಬರೋ ಮತ್ತು ಲೊವೆಲ್ ಅದನ್ನು 1960ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ಗೆ ಪುಟ್ಟ ಪತ್ರವಾಗಿ ಬರೆದರು. ಮತ್ತಿನ ಮದ್ದಿಗೆ ಹೀಗೆ ಮೈ ಕಾಯುವ ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ ಮನೆತನದಲ್ಲಿ ಹರಿದು ಬರುವ ಕಾಯಿಲೆ ಎಂದು ಲೋಕಕ್ಕೆ ತಿಳಿದದ್ದು ಆ ಹುಡುಗನ ‘ಆಗಿಬರಲ್ಲ’ದಿಂದ.

ವಾರ್ಡಿನಿಂದ ಹೊರಬಂದ ಮೇಲೆ ಜೂನಿಯರ್‌ಗೆ ನಮ್ಮೂರ ಕೆರೆಯ ಹೋಲಿಕೆ ಕೊಟ್ಟು ಹೇಳಿದೆ. ಸ್ನಾಯುವಿನ ಪ್ರತಿ ಎಳೆಯೊಳಗೂ ಒಂದು ಕ್ಯಾಲ್ಸಿಯಂ ಕೆರೆ ಇದೆ. ಅದರ ತೂಬು ಆರ್‌ವೈಆರ್1, ಅಂದರೆ ರೈಯನೊಡಿನ್ ರಿಸೆಪ್ಟರ್. ಪಕ್ಕದಲ್ಲಿ ಒಬ್ಬ ನೀರಗಂಟಿ, ಕ್ಯಾವ್1.1 ಎನ್ನುವ ಇನ್ನೊಂದು ಚಾನೆಲ್. ನರದಿಂದ ಕರೆಂಟಿನ ಸುದ್ದಿ ಬಂದಾಗ ಕೇಳಿಸಿಕೊಳ್ಳುವವನು ಅವನು. ತೂಬನ್ನು ತಾನೇ ಹಿಡಿದೆಳೆದು ತೆರೆಯುತ್ತಾನೆ. ಕ್ಯಾಲ್ಸಿಯಂ ಹರಿಯುತ್ತದೆ, ಸ್ನಾಯು ಬಿಗಿಯುತ್ತದೆ. ಆಮೇಲೆ ತೂಬು ಮುಚ್ಚುತ್ತದೆ, ಪಂಪ್‌ಸೆಟ್ಟುಗಳು ಅದನ್ನೆಲ್ಲ ಮತ್ತೆ ಕೆರೆಗೆ ಎತ್ತುತ್ತವೆ.

ಈ ಮನೆತನಗಳಲ್ಲಿ ಹೆಚ್ಚಿನವಕ್ಕೆ ದೋಷ ಇರುವುದು ತೂಬಿನಲ್ಲಿ, ಕೆಲವಕ್ಕೆ ಮಾತ್ರ ನೀರಗಂಟಿಯಲ್ಲಿ. ದಿನನಿತ್ಯ ಗೊತ್ತೇ ಆಗುವುದಿಲ್ಲ. ಸೆವೊಫ್ಲುರೇನ್, ಐಸೊಫ್ಲುರೇನ್‌ನಂಥ ಗ್ಯಾಸು ಅಥವಾ ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಸೋಕಿದರೆ ತೂಬು ತೆರೆದದ್ದು ಮುಚ್ಚುವುದಿಲ್ಲ. ಪಂಪುಗಳು ಬಿಡುವಿಲ್ಲದೆ ಓಡುತ್ತವೆ. ಜ್ವರ ಬರುವುದು ಅಲ್ಲಿಂದ: ಮಲಗಿದ್ದಲ್ಲೇ ಇಡೀ ಮೈಯ ಸ್ನಾಯು ಇಂಧನ ಸುಡುತ್ತಿದೆ. ಇಂಗಾಲದ ಡೈಆಕ್ಸೈಡ್, ಆಮ್ಲ, ಪೊಟ್ಯಾಸಿಯಂ ಎಲ್ಲ ರಕ್ತಕ್ಕೆ. ಹಿಂದೆ ಒಮ್ಮೆ ಮತ್ತು ಕೊಟ್ಟಾಗ ಏನೂ ಆಗಿರಲಿಲ್ಲ ಎನ್ನುವುದೂ ಧೈರ್ಯದ ಮಾತಲ್ಲ. ಎರಡನೆಯ, ಮೂರನೆಯ ಸಲ ಕೈಕೊಟ್ಟದ್ದಿದೆ.

ಈ ತೂಬಿನ ಗುಟ್ಟು ಮೊದಲು ಬಿಟ್ಟುಕೊಟ್ಟದ್ದು ಹಂದಿಗಳು. ಲಾರಿಯಲ್ಲಿ ಸಾಗಿಸಿದರೆ ಸಾಕು, ಗಾಬರಿಗೇ ಮೈ ಸೆಟೆದು ಸಾಯುತ್ತಿದ್ದ ತಳಿಗಳವು. 1991ರಲ್ಲಿ ನೋಡಿದರೆ ಐದು ಸಾವಿರ ಚಿಲ್ಲರೆ ಅಮೈನೊ ಆಮ್ಲಗಳ ಆ ತೂಬಿನ ಪ್ರೋಟೀನಿನಲ್ಲಿ 615ನೆಯದು ಒಂದೇ ಬದಲಾಗಿತ್ತು. ಡ್ಯಾಂಟ್ರೊಲೀನ್ ಎನ್ನುವ ತೂಬು ಮುಚ್ಚಿಸುವ ಮದ್ದು 1975ರಲ್ಲಿ ಮೊದಲು ಉಳಿಸಿದ್ದೂ ದಕ್ಷಿಣ ಆಫ್ರಿಕಾದ ಹಂದಿಗಳನ್ನೇ.

ಆ ಮದ್ದು ಮಾತ್ರ ನಮ್ಮಲ್ಲಿರಲಿಲ್ಲ. ರಾತ್ರಿ ಹತ್ತರವರೆಗೂ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದೆ. ಒಂದು ವಯಲ್‌ನಲ್ಲಿ 20 ಮಿಲಿಗ್ರಾಂ. ಅರವತ್ತು ಕೆಜಿಯ ಆಕೆಗೆ ಮೊದಲ ಡೋಸಿಗೇ ಎಂಟು ವಯಲ್, ಒಂದೊಂದಕ್ಕೂ 60 ಮಿಲಿಲೀಟರ್ ನೀರು ಹಾಕಿ ಅಲ್ಲಾಡಿಸುವುದಕ್ಕೇ ಒಬ್ಬ ಬೇಕು. ಒಂದೂ ಸಿಗಲಿಲ್ಲ. ಆಕೆಗೂ ಗಂಡನಿಗೂ ಇದ್ದದ್ದು ಇದ್ದಹಾಗೆ ಹೇಳಿದೆ. ದೊಡ್ಡ ಊರಿಗೆ ಹೋಗಿ ಅಂದರೆ ‘ಅಲ್ಲಿ ಯಾರು ಕೂತು ಕೇಳ್ತಾರೆ’ ಅಂದರು.

ಬೆಳಗ್ಗೆ ಮೊದಲ ಕೇಸು ಆಕೆಯದೇ. ಐದಕ್ಕೇ ಹೋಗಿ ಮತ್ತಿನ ಗ್ಯಾಸ್ ಬಿಡುವ ವ್ಯಾಪೊರೈಸರ್‌ಗಳನ್ನು ಮೆಷಿನ್ನಿಂದ ಬಿಚ್ಚಿ ಹೊರಗಿಡಿಸಿದೆ. ಹೊಸ ಸರ್ಕ್ಯೂಟ್, ಉಸಿರಿನ ಡೈಆಕ್ಸೈಡ್ ಹೀರುವ ಹೊಸ ಸೋಡಾಲೈಮ್, ಒಂದೂವರೆ ಗಂಟೆ ಬರೀ ಆಕ್ಸಿಜನ್ ಜೋರಾಗಿ ಹಾಯಿಸಿ ಮೆಷಿನ್ ತೊಳೆದದ್ದಾಯಿತು. ಪ್ರೊಪೊಫಾಲ್, ಫೆಂಟನಿಲ್, ವೆಕ್ಯುರೋನಿಯಂ, ಇವು ತೂಬಿನ ತಂಟೆಗೆ ಹೋಗುವುದಿಲ್ಲ. ದವಡೆ ಸಡಿಲವಾಗಿ ತೆರೆದುಕೊಂಡಿತು. ಒಂದು ದವಡೆಗೆ ನಾನು ಅಷ್ಟು ಖುಷಿಪಟ್ಟದ್ದಿಲ್ಲ.

ಸರ್ಜನ್ ಹೊಟ್ಟೆಗೆ ಗ್ಯಾಸ್ ತುಂಬಿದರು. ಮಾನಿಟರಿನಲ್ಲಿ ಉಸಿರಿನ ಡೈಆಕ್ಸೈಡ್ 34 ಇದ್ದದ್ದು 39, 43, 46. ಹೊಟ್ಟೆಗೆ ತುಂಬುವುದೂ ಅದೇ ಅನಿಲ, ಏರುವುದು ಸಹಜ, ಓದಿದ್ದೇನೆ, ನೂರಾರು ಸಲ ನೋಡಿದ್ದೇನೆ. ಆದರೆ ಆ ಕಾಯಿಲೆಯ ಮೊದಲ ಗುರುತೂ ಇದೇ ಏರಿಕೆ, ಜ್ವರವಲ್ಲ. ವೆಂಟಿಲೇಟರ್ ವೇಗ ಹೆಚ್ಚಿಸಿದೆ. ಸೋಡಾಲೈಮ್ ಡಬ್ಬಿಗೆ ಅಂಗೈ ಒತ್ತಿದೆ. ಆ ಕಾಯಿಲೆ ಶುರುವಾಗಿದ್ದರೆ ಅದು ಮುಟ್ಟಲಾರದಷ್ಟು ಸುಡುತ್ತದೆ. ಹಾಲಿನ ಲೋಟದಷ್ಟು ಬೆಚ್ಚಗಿತ್ತು. ಐದು ನಿಮಿಷಕ್ಕೆ 38. ನಗುತ್ತಿದ್ದ ಜೂನಿಯರ್ ಕೂಡ ಡಬ್ಬಿ ಮುಟ್ಟಿ ನೋಡಿದ.

ಆಕೆಗೆ ಆ ದೋಷ ಇದೆಯೋ ಇಲ್ಲವೋ ನನಗಿನ್ನೂ ಗೊತ್ತಿಲ್ಲ. ತೊಡೆಯ ಸ್ನಾಯುವಿನ ತುಣುಕು ಕತ್ತರಿಸಿ, ಹಸಿಯಿದ್ದಾಗಲೇ ಕೆಫೀನ್ ಮತ್ತು ಹ್ಯಾಲೊಥೇನ್ ಸೋಕಿಸಿ ಎಷ್ಟು ಬಿಗಿಯುತ್ತದೆಂದು ಅಳೆಯಬೇಕು; ಅದು ನಮ್ಮಲ್ಲಿ ಆಗುವ ಮಾತಲ್ಲ. ಡಿಸ್ಚಾರ್ಜ್ ದಿನ ಕೊಡಬಾರದ ಮದ್ದುಗಳ ಪಟ್ಟಿಯನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದು ಲ್ಯಾಮಿನೇಟ್ ಮಾಡಿಸಿ ಕೊಟ್ಟೆ. ‘ಮಕ್ಕಳ ಹೆಸರೂ ಬರೀರಿ’ ಅಂದರು. ಬರೆದೆ.

ಹೋದ ವಾರ ಆಕೆಯ ಫೋನು. ಚಿಕ್ಕಪ್ಪನ ಮೊಮ್ಮಗಳಿಗೆ ನಾಳೆ ಸಿಸೇರಿಯನ್ ಅಂತೆ, ಬೇರೆ ಊರು. ಬೆನ್ನಿಗೆ ಕೊಡುವ ಇಂಜೆಕ್ಷನ್‌ನಿಂದ ಭಯವಿಲ್ಲ, ಆದರೂ ಅಲ್ಲಿನ ಮತ್ತಿನ ಡಾಕ್ಟರಿಗೆ ಈ ಕಾರ್ಡು ಮೊದಲೇ ತೋರಿಸಬೇಕು ಅಂದೆ. ‘ಫೋಟೊ ಹೊಡೆದು ಕಳಿಸಾಯ್ತು ಡಾಕ್ಟ್ರೆ, ನಿಮ್ಮ ನಂಬರೂ ಕೊಟ್ಟೀನಿ, ರಾತ್ರಿ ಫೋನ್ ಎತ್ತಿ.’