"ಮಳೆ ಬರೋದ್ರೊಳಗೆ ಹೊರಟುಬಿಡೋಣ ಸರ್"

ಫ್ಲೈಯಿಂಗ್ ಇನ್‌ಸ್ಟ್ರಕ್ಟರ್ ಕೆಲಸದಲ್ಲಿ ನನ್ನ ಕಿವಿಗೆ ಜಾಸ್ತಿ ಬೀಳುವ ಮಾತು ಇದು. ಯಾರಾದರೂ ಹೀಗಂದರೆ ನಾನು ಶಾಯೆನ್ ಕತೆ ತೆಗೆಯುತ್ತೇನೆ. ನಮ್ಮ ಹುಡುಗರಿಗೆ ಅದೀಗ ಬಾಯಿಪಾಠ ಆಗಿಬಿಟ್ಟಿದೆ.

1996ರ ಏಪ್ರಿಲ್. ಏಳು ವರ್ಷದ ಜೆಸಿಕಾ ಡುಬ್ರಾಫ್ ಅಮೆರಿಕದ ಈ ತುದಿಯಿಂದ ಆ ತುದಿಗೆ ವಿಮಾನ ಹಾರಿಸಿ ದಾಖಲೆ ಮಾಡಲು ಹೊರಟಿದ್ದಳು. ಜೊತೆಗೆ ಅಪ್ಪ ಮತ್ತು ಇನ್‌ಸ್ಟ್ರಕ್ಟರ್. ಪುಟ್ಟ ಸೆಸ್ನಾ 177ಬಿ. ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇಯಿಂದ ಹೊರಟವರು ಮೊದಲ ರಾತ್ರಿ ವಯೋಮಿಂಗ್‌ನ ಶಾಯೆನ್‌ನಲ್ಲಿ ತಂಗಿದರು. 11ರ ಬೆಳಿಗ್ಗೆ ಗುಡುಗು ಮಳೆ ಏರ್‌ಪೋರ್ಟ್ ಕಡೆಗೇ ಬರುತ್ತಿತ್ತು. ಸ್ಥಳೀಯ ರೇಡಿಯೋದವರು ಇವತ್ತು ಇಲ್ಲೇ ಉಳಿದುಕೊಳ್ಳಿ ಅಂದರು. ಮಳೆಗಿಂತ ಮೊದಲೇ ಹೊರಡಬೇಕು ಅಂದರು ಅಪ್ಪ. ಇವರಿಗಿಂತ ಮುಂಚೆ ಹಾರಿದ ಪೈಲಟ್ ಒಬ್ಬರು ಏರ್‌ಸ್ಪೀಡ್ 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ಮೇಲೆ ಕೆಳಗೆ ಆಗ್ತಿದೆ ಅಂತ ಎಚ್ಚರಿಸಿದ್ದರು. ಆದರೂ ಟೇಕಾಫ್ ಮಾಡಿದರು. ಸ್ವಲ್ಪ ಮೇಲೇರಿ ತಿರುಗುತ್ತಿದ್ದಾಗ ವಿಮಾನ ಸ್ಟಾಲ್ ಆಗಿ, ಅಂದರೆ ರೆಕ್ಕೆಗೆ ಎತ್ತಿ ಹಿಡಿಯುವ ಬಲ ಸಾಲದೆ, ಬಿತ್ತು. ಮೂವರೂ ಉಳಿಯಲಿಲ್ಲ.

ಪತ್ರಿಕೆಯವರೆಲ್ಲ ಮಗುವಿನ ವಯಸ್ಸು ಹಿಡಿದುಕೊಂಡರು. ಲೈಸೆನ್ಸ್ ಇಲ್ಲದವರು ದಾಖಲೆಗಾಗಿ ವಿಮಾನ ಓಡಿಸಬಾರದು ಅಂತ ಅದೇ ವರ್ಷ ಕಾನೂನೂ ಬಂತು. ಕಾನೂನು ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ತನಿಖಾ ವರದಿ ಬೊಟ್ಟು ಮಾಡಿದ್ದು ಬಲಗಡೆ ಕೂತಿದ್ದ ಇನ್‌ಸ್ಟ್ರಕ್ಟರ್ ಕಡೆಗೆ. ಅಂಥ ಹವಾಮಾನದಲ್ಲಿ ಹೊರಟಿದ್ದು ಅವರ ತೀರ್ಮಾನ. ನಾನು ದಿನಾ ಕೂರುವುದೂ ಅದೇ ಸೀಟಿನಲ್ಲಿ.

ವಿಮಾನದ ತೂಕ ಮಿತಿಗಿಂತ 96 ಪೌಂಡ್ ಜಾಸ್ತಿ ಇತ್ತು. ಅಂದರೆ ಸುಮಾರು 44 ಕೆಜಿ, 60 ಲೀಟರ್ ಇಂಧನದಷ್ಟು. ಸಾಲದ್ದಕ್ಕೆ ಶಾಯೆನ್ ಇರುವುದೇ 6,000 ಅಡಿಗೂ ಎತ್ತರದಲ್ಲಿ. ಎತ್ತರ, ಬಿಸಿ ಹೆಚ್ಚಿದಷ್ಟೂ ಗಾಳಿ ತೆಳುವಾಗುತ್ತದೆ. ಆ ತೆಳು ಎಷ್ಟು ಅಡಿ ಎತ್ತರದ ಗಾಳಿಗೆ ಸಮ ಅಂತ ಹೇಳುವ ಲೆಕ್ಕವೇ ಡೆನ್ಸಿಟಿ ಆಲ್ಟಿಟ್ಯೂಡ್. ಅವತ್ತು ಅದು ಸುಮಾರು 6,670 ಅಡಿ. ಅಷ್ಟು ತೆಳು ಗಾಳಿಯಲ್ಲಿ ಟರ್ಬೋ ಇಲ್ಲದ ಎಂಜಿನ್‌ನ ಶಕ್ತಿಯಲ್ಲಿ ಐದನೇ ಒಂದು ಭಾಗ ಖೋತಾ. ಕಣ್ಣೂ ಮೋಸ ಮಾಡುತ್ತದೆ. ಮೀಟರ್ ತೋರಿಸುವ ಸ್ಪೀಡ್ ಅಷ್ಟೇ ಇದ್ದರೂ ನೆಲ ಬೇಗ ಬೇಗ ಸರಿಯುತ್ತದೆ. ಸ್ಪೀಡ್ ಸಾಕು ಅನ್ನಿಸುತ್ತದೆ.

ಬೆಂಗಳೂರಿಗೂ ಅದಕ್ಕೂ ಏನು ಸಂಬಂಧ ಸರ್ ಅಂತ ಕೇಳುತ್ತಾರೆ. ಬೋರ್ಡ್ ಮೇಲೆ ಅವರ ಕೈಯಲ್ಲೇ ಲೆಕ್ಕ ಮಾಡಿಸುತ್ತೇನೆ. ಜಕ್ಕೂರು ಏರೋಡ್ರೋಮ್ ಸುಮಾರು 3,000 ಅಡಿ ಎತ್ತರದಲ್ಲಿದೆ. ಆ ಎತ್ತರಕ್ಕೆ ಪುಸ್ತಕದಲ್ಲಿ ಕೊಟ್ಟ ಪ್ರಮಾಣಿತ ಉಷ್ಣಾಂಶ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 34 ಇದ್ದರೆ 25 ಡಿಗ್ರಿ ಜಾಸ್ತಿ ಆಯ್ತು. ಡಿಗ್ರಿಗೆ 120 ಅಡಿಯಂತೆ ಇನ್ನೂ 3,000 ಅಡಿ ಸೇರಿಸಿ. ಬಂತಲ್ಲ 6,000! ಶಾಯೆನ್ ಯಲಹಂಕದ ಪಕ್ಕಕ್ಕೇ ಬಂತು ಅಲ್ವಾ?

ಹಾಗಾಗಿ ಲೋಡ್ ಶೀಟ್, ಅಂದರೆ ವಿಮಾನದಲ್ಲಿ ಏರುವ ತೂಕದ ಪಟ್ಟಿ, ಸುಮ್ನೆ ತುಂಬಿಸಲು ಬಿಡುವುದಿಲ್ಲ. ಪ್ರತಿಯೊಬ್ಬರೂ 65 ಕೆಜಿ ಅಂತ ಬರೆಯುತ್ತಾರೆ. ಬಹುಶಃ ಪಿಯುಸಿಯಲ್ಲಿದ್ದಾಗಿನ ತೂಕ. ನಾನು ಬ್ಯಾಗ್ ಸಮೇತ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತೇನೆ. ಆಮೇಲೆ ರನ್‌ವೇ ಮಧ್ಯದಲ್ಲಿ ಒಂದು ಗುರುತು ಹೇಳಿಸುತ್ತೇನೆ, ಒಂದು ಬೋರ್ಡೋ, ಟ್ಯಾಕ್ಸಿವೇನೋ. ಅದು ದಾಟುವಷ್ಟರಲ್ಲಿ ಮೂಗು ಎತ್ತುವ ಸ್ಪೀಡಿನ ನೂರಕ್ಕೆ ಎಪ್ಪತ್ತು ಬಂದಿರಬೇಕು. 55 ನಾಟ್‌ಗೆ ಎತ್ತುವುದಾದರೆ ಅಲ್ಲಿ 39 ಕಾಣಬೇಕು. ಇಲ್ಲದಿದ್ದರೆ ಥ್ರಾಟಲ್ ಹಿಂದಕ್ಕೆ, ಬ್ರೇಕ್. ಅಲ್ಲಿ ಚರ್ಚೆ ಇಲ್ಲ.

ಲೆಕ್ಕ ಕಲಿಸುವುದು ಸುಲಭ. ಕಷ್ಟ ಇರುವುದು ಅವಸರದ ಹತ್ತಿರ. ವಿಪರೀತ ಬಿಗಿಯಾದ ಪ್ರಯಾಣದ ಯೋಜನೆ, ಮಾಧ್ಯಮದವರಿಗೆ ಕೊಟ್ಟ ಮಾತು ಕೂಡ ಕಾರಣ ಅಂತ ಆ ವರದಿ ಹೇಳುತ್ತದೆ. ನಮ್ಮಲ್ಲಿ ಯಾವ ಟಿವಿಯವರೂ ಕಾಯುವುದಿಲ್ಲ, ಕಾಯುವುದು ಬ್ಯಾಂಕ್ ಸಾಲ. ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಆಗಬೇಕು. ಒಂದು ಸ್ಲಾಟ್ ತಪ್ಪಿದರೆ ಮುಂದಿನದು ಯಾವಾಗಲೋ. ಮಗ ಇವತ್ತೂ ಯಾಕೆ ಹಾರಲಿಲ್ಲ ಅಂತ ಸಂಜೆ ಅಪ್ಪಂದಿರ ಫೋನ್ ಬರುತ್ತದೆ. ಆ ಫೋನ್ ನನಗೇ ಮಾಡಿ ಅಂತ ಮೊದಲ ದಿನವೇ ಹೇಳಿರುತ್ತೇನೆ. ಬೈಗುಳ ನನಗೆ ಬಿದ್ದರೆ ಪರವಾಗಿಲ್ಲ. ಹುಡುಗನ ತಲೆಯಲ್ಲಿ ಅದು ಕೂತರೆ ನಾಳೆ ಮೋಡ ನೋಡಿಯೂ ಹೊರಡೋಣ ಅನ್ನುತ್ತಾನೆ.