ಈಜಲಿಕ್ಕೊಂದು ಕಡಲು

ಮಂಗಳೂರಿನ ಯಾವ ಗುಡ್ಡ ಹತ್ತಿದರೂ ಪಡುವಣಕ್ಕೆ ಕಡಲು ಕಾಣುತ್ತದೆ. ಹಾಗಿದ್ದೂ ಇಲ್ಲಿಯ ಹೆಚ್ಚಿನವರು ಈಜು ಕಲಿತದ್ದು ಮನೆಯ ಕೆರೆಯಲ್ಲಿ, ಹೊಳೆಯ ಗುಂಡಿಯಲ್ಲಿ, ಇಲ್ಲವೇ ಲೇಡಿಹಿಲ್ಲಿನ ಮಂಗಳಾ ಈಜುಕೊಳದಲ್ಲಿ. ಕಡಲಿಗೆ ಹೋಗುವುದು ಕಾಲು ಒದ್ದೆ ಮಾಡಿಕೊಳ್ಳಲಿಕ್ಕೆ, ಚುರುಮುರಿ ತಿನ್ನಲಿಕ್ಕೆ, ಸೂರ್ಯ ಮುಳುಗಿದ ಮೇಲೆ ಪಾರ್ಕಿಂಗ್‌ನಿಂದ ಕಾರು ಹೊರಗೆ ತೆಗೆಯಲು ಒದ್ದಾಡಲಿಕ್ಕೆ. ಈಜಲಿಕ್ಕೆ ಕಡಲಿಗೆ ಹೋಗುತ್ತೇವೆಂದರೆ ಮನೆಯ ಹಿರಿಯರು ಒಮ್ಮೆ ಮುಖ ನೋಡುತ್ತಾರೆ.

ಡಿಸೆಂಬರ್ ರಜೆಗೆ ಬೆಂಗಳೂರಿನಿಂದ ಬಂದ ಅಕ್ಕನ ಮಗಳಿಗೆ ಇದೆಲ್ಲ ಅರ್ಥವಾಗಲಿಲ್ಲ. ಅಪಾರ್ಟ್‌ಮೆಂಟಿನ ಕೊಳದಲ್ಲಿ ಫ್ರೀಸ್ಟೈಲ್ ಕಲಿತವಳು, ಕನ್ನಡಕ, ಟೋಪಿ ಎಲ್ಲ ಬ್ಯಾಗಿನಲ್ಲಿ ತುಂಬಿಕೊಂಡೇ ಬಂದಿದ್ದಳು. "ಚಿಕ್ಕಮ್ಮ, ನಿಮ್ಮೂರಲ್ಲಿ ಇಷ್ಟೊಂದು ಬೀಚ್ ಇದೆ. ಈಜೋ ಬೀಚ್ ಯಾವುದು?" ನ್ಯಾಯವಾದ ಪ್ರಶ್ನೆ. ಮನೆಯಿಂದ ಒಂದು ಗಂಟೆಯೊಳಗೆ ಕಾರಿನಲ್ಲಿ ತಲುಪಬಹುದಾದ ಜಾಗಗಳನ್ನೆಲ್ಲ ಅವಳ ಜೊತೆ ನೋಡಿ ಬರುವುದು ಎಂದಾಯಿತು.

ಮೊದಲು ತೆಂಕಣಕ್ಕೆ ಹೊರಟೆವು. ನೇತ್ರಾವತಿಯ ಸೇತುವೆ ದಾಟಿ, ತೊಕ್ಕೊಟ್ಟಿನಲ್ಲಿ ಬಲಕ್ಕೆ ತಿರುಗಿದರೆ ಉಳ್ಳಾಲ, ಅದರಾಚೆ ಸೋಮೇಶ್ವರ. ಚೆಲುವಿನ ಲೆಕ್ಕದಲ್ಲಿ ಈ ಸುತ್ತಿನಲ್ಲಿ ಸೋಮೇಶ್ವರಕ್ಕೆ ಸಾಟಿಯಿಲ್ಲ: ಕಡಲಿಗೇ ಮುಖ ಮಾಡಿ ನಿಂತ ಸೋಮನಾಥನ ಗುಡಿ, ಪಕ್ಕದಲ್ಲಿ ರುದ್ರಪಾದೆಯ ಕಪ್ಪು ಬಂಡೆ, ಅದಕ್ಕೆ ಅಪ್ಪಳಿಸಿ ಮೇಲೇಳುವ ನೊರೆ. ಈಜುವ ಮಾತು ಮಾತ್ರ ಇಲ್ಲಿ ಎತ್ತಲೇಬಾರದು. ಬಂಡೆಗೆ ಬಡಿದ ನೀರು ಪಕ್ಕಕ್ಕೆ ಜಾರಿ, ಬಂಡೆಯ ಮೈಗುಂಟವೇ ಹೊರಗೆ ಎಳೆದುಕೊಂಡು ಹೋಗುತ್ತದೆ. ದಂಡೆಯೂ ಕಡಿದಾಗಿದೆ. ಮೊಣಕಾಲ ನೀರಿನಿಂದ ಎರಡು ಹೆಜ್ಜೆ ಮುಂದಿಟ್ಟರೆ ಎದೆಮಟ್ಟ. ಎಚ್ಚರಿಕೆಯ ಫಲಕದ ಕೆಳಗೇ ಸೆಲ್ಫಿ ತೆಗೆಯುವವರೂ ಇದ್ದರು. ಇಲ್ಲಿ ನೀರುಪಾಲಾದವರ ಸುದ್ದಿ ಮಂಗಳೂರಿನಲ್ಲಿ ಪತ್ರಿಕೆ ಓದುವ ಯಾರಿಗೂ ಹೊಸತಲ್ಲ. ಹುಡುಗಿ ಟೋಪಿ ಹೊರಗೆ ತೆಗೆಯಲಿಲ್ಲ.

ಉಳ್ಳಾಲದ ಕಡೆ ಇನ್ನೊಂದು ತೊಡಕು. ಕಡಲ್ಕೊರೆತ ತಡೆಯಲೆಂದು ತಂದು ಸುರಿದ ಬಂಡೆಗಲ್ಲುಗಳ ಗೋಡೆ ಎಷ್ಟೋ ಕಡೆ ನೀರಿಗೂ ಮನೆಗಳಿಗೂ ನಡುವೆ ನಿಂತಿದೆ. ಮನೆ ಉಳಿಸಿಕೊಳ್ಳಬೇಕಾದವರಿಗೆ ಅದು ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕಲ್ಲಿನ ಗೋಡೆ ಇರುವಲ್ಲಿ ಈಜುವವರಿಗೆ ದಂಡೆಯೇ ಇರುವುದಿಲ್ಲ.

ಬಡಗಣದ ಕಡೆ ಮೊದಲು ಹೋದದ್ದು ಪಣಂಬೂರಿಗೆ. 1974ರಲ್ಲಿ ಶುರುವಾದ ನವಮಂಗಳೂರು ಬಂದರಿನ ಮಗ್ಗುಲಲ್ಲೇ ಇರುವ ಅಗಲವಾದ ಮರಳು. ಹಡಗುಗಳು ಸರದಿ ಕಾಯುತ್ತಾ ದೂರದಲ್ಲಿ ಲಂಗರು ಹಾಕಿರುತ್ತವೆ, ಅದನ್ನು ನೋಡಲಿಕ್ಕೆ ಹೋಗುವುದಾದರೆ ಖಂಡಿತ ಹೋಗಬೇಕು. ಲೈಫ್‌ಗಾರ್ಡ್‌ಗಳೂ ಇದ್ದಾರೆ. ಜನವೂ ಹಾಗೆಯೇ. ನಾವು ಹೋದ ಸಂಜೆ ನೀರಿನಲ್ಲಿ ಕೈ ಬೀಸಲು ಜಾಗವಿರಲಿಲ್ಲ. ಒಂಟೆ, ಕುದುರೆ, ಜೆಟ್‌ಸ್ಕೀ, ನಡುವೆ ಚೂಡಿದಾರ್ ಸಮೇತ ಸೊಂಟದ ನೀರಿಗೆ ಇಳಿದ ಹೆಣ್ಣುಮಕ್ಕಳು. ಒದ್ದೆಯಾದ ದುಪಟ್ಟಾ ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವಳಿಗೂ ಏಳಲಾಗುವುದಿಲ್ಲ. ಈಜುಡುಗೆ ಹಾಕಿದರೆ ಜನ ನೋಡುತ್ತಾರೆ, ಹಾಕದಿದ್ದರೆ ಬಟ್ಟೆಯೇ ಮುಳುಗಿಸುತ್ತದೆ. ಮೊಣಕಾಲಿನವರೆಗಿನ ಲೆಗಿಂಗ್ಸ್, ಮೈಗಂಟುವ ತುಂಬುತೋಳಿನ ಅಂಗಿ ಇದಕ್ಕೆ ನಾನು ಕಂಡುಕೊಂಡ ಉಪಾಯ. ಬಿಸಿಲಿಗೂ ಆಗುತ್ತದೆ.

ತಣ್ಣೀರುಬಾವಿಗೆ ಕೂಳೂರಿನ ಮೇಲಿಂದ ಕಾರಿನಲ್ಲೇ ಹೋಗಬಹುದು. ನಾವು ಕಾರನ್ನು ಸುಲ್ತಾನ್ ಬತ್ತೇರಿಯಲ್ಲಿ ಬಿಟ್ಟು ದೋಣಿ ಹತ್ತಿದೆವು. ಗುರುಪುರ ಹೊಳೆಯೊಳಕ್ಕೆ ಯುದ್ಧದ ಹಡಗುಗಳು ನುಗ್ಗದಿರಲೆಂದು 1784ರಲ್ಲಿ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಬತ್ತೇರಿ ಈ ಕಡೆ. ಆ ಕಡೆ ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡ ಉದ್ದನೆಯ ಮರಳಪಟ್ಟಿ. ಅದರ ಒಂದು ಬದಿಗೆ ಅಲುಗಾಡದ ಹೊಳೆನೀರು, ಗಾಳಿಮರಗಳ ನೆರಳಿನಲ್ಲಿ ಸ್ವಲ್ಪ ನಡೆದರೆ ಇನ್ನೊಂದು ಬದಿಗೆ ಅರಬ್ಬೀ ಸಮುದ್ರ.

ಬೆಳಿಗ್ಗೆಯೇ ಹೋದದ್ದಕ್ಕೆ ಕಾರಣವಿದೆ. ಡಿಸೆಂಬರಿನಲ್ಲಿ ರಾತ್ರಿ ತಣಿದ ನೆಲದಿಂದ ಬೆಳಗಿನ ಜಾವ ಗಾಳಿ ಕಡಲಿನ ಕಡೆಗೆ ಬೀಸುತ್ತದೆ, ನೀರು ಹೆಚ್ಚು ಕದಡದೆ ಇರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗಿ ಒಳಗೆ ಬೀಸತೊಡಗುತ್ತದೆ, ಮಧ್ಯಾಹ್ನದ ಹೊತ್ತಿಗೆ ನೀರಿನ ಮೇಲೆಲ್ಲ ಚೂರುಚೂರು ತೆರೆ. ಜನರೆಲ್ಲ ಕಡಲಿಗೆ ಹೋಗುವುದು ಆ ಮೇಲೆಯೇ!

ದಂಡೆಯಲ್ಲಿ ಬಲೆ ಬಿಡಿಸುತ್ತಾ ಕೂತಿದ್ದ ಹಿರಿಯರೊಬ್ಬರು ನಮ್ಮನ್ನು ನೋಡಿ ತಾವಾಗಿಯೇ ಕೇಳಿದರು.

"ಈಜಲಿಕ್ಕೆ ಬಂದದ್ದಾ?"

"ಹೌದು. ಇಲ್ಲಿ ಇಳಿಯಬಹುದಾ?"

"ಇಲ್ಲಿ ಬೇಡ ಮಾರಾಯ್ರೆ, ಇಲ್ಲಿ ಎಳೆತ ಉಂಟು. ಆ ಲೈಫ್‌ಗಾರ್ಡಿನವರು ಕೂತಿದ್ದಾರಲ್ಲ, ಅವರ ಎದುರಿಗೇ ಇಳಿಯಿರಿ. ಮಳೆಗಾಲದಲ್ಲಿ ಕೊಂಡುಹೋದ ಮರಳನ್ನು ಕಡಲು ಅಲ್ಲಿ ವಾಪಸ್ ತಂದು ಹಾಕಿದೆ."

ಇದು ಅನುಭವದ ಮಾತು. ಮಳೆಗಾಲದ ದೊಡ್ಡ ತೆರೆಗಳು ಮರಳನ್ನು ಬಾಚಿ ಒಳಗೆ ಒಯ್ಯುತ್ತವೆ. ಸೆಪ್ಟೆಂಬರ್ ಕಳೆದು ಕಡಲು ಇಳಿದಂತೆ ಸಣ್ಣ ತೆರೆಗಳು ಅದನ್ನೇ ಸ್ವಲ್ಪ ಸ್ವಲ್ಪವಾಗಿ ದಡಕ್ಕೆ ತಂದು ಹಾಕುತ್ತವೆ. ಅಕ್ಟೋಬರಿನಲ್ಲಿ ಮೆಟ್ಟಿಲು ಕಡಿದಂತಿದ್ದ ದಂಡೆ ಜನವರಿಗೆ ಹಾಯಾಗಿ ಇಳಿಜಾರಾಗುತ್ತದೆ. ಯಾವ ಬೀಚು ಒಳ್ಳೆಯದು ಎಂದಷ್ಟೇ ಕೇಳಿದರೆ ಉತ್ತರ ಅರ್ಧ, ಯಾವ ತಿಂಗಳಿನಲ್ಲಿ ಎಂದೂ ಕೇಳಬೇಕು. ಮರಳು ಮೆಲ್ಲಗೆ ಇಳಿಯುತ್ತಾ ಹೋದರೆ ತೆರೆ ದೂರದಲ್ಲೇ ಒಡೆದು, ಸುಸ್ತಾಗಿ ದಡ ಸೇರುತ್ತದೆ. ಕಡಿದಾಗಿದ್ದರೆ ಕಾಲ ಬುಡದಲ್ಲೇ ಒಡೆದು ಬೀಳಿಸುತ್ತದೆ, ಬೀಳಿಸಿದ್ದನ್ನು ಎಳೆದೂ ಒಯ್ಯುತ್ತದೆ.

ಅವಳು ಇಳಿದಳು, ನಾನೂ ಇಳಿದೆ. ಮೊದಲ ಮೂರು ತೆರೆಗೇ ಕೊಳದ ಶಾಸ್ತ್ರವೆಲ್ಲ ಕೆಟ್ಟಿತು. ಉಸಿರು ತೆಗೆಯಲು ತೆರೆ ಬರುವ ಕಡೆಗೇ ತಿರುಗಿ ಬಾಯಿತುಂಬ ಉಪ್ಪುನೀರು. ತೆರೆಗೆ ಎದೆ ಕೊಡಬೇಡ, ಅದರ ಅಡಿಯಿಂದ ನುಸುಳು ಎಂದು ತೋರಿಸಿಕೊಟ್ಟೆ. ತೆರೆ ಒಡೆಯುವ ಗೆರೆಗೆ ಹೋಗದೆ, ಎದೆಮಟ್ಟದ ನೀರಿನಲ್ಲೇ ದಂಡೆಯುದ್ದಕ್ಕೆ ಈಜುವ ಅಭ್ಯಾಸ ಬೇಗ ಬಂತು. ಲೀಟರಿಗೆ 35 ಗ್ರಾಮಿನಷ್ಟು ಉಪ್ಪಿರುವ ನೀರು ಕೊಳದ ನೀರಿಗಿಂತ ಮೈಯನ್ನು ಚೆನ್ನಾಗಿ ಹೊರುತ್ತದೆ. ಅಂಗಾತ ಮಲಗಿದರೆ ಕಾಲು ತಾನಾಗಿ ಮೇಲೆ ಬರುತ್ತದೆ ಎಂದು ಅವಳಿಗೆ ಗೊತ್ತಾದ ಮೇಲೆ ನೀರಿನಿಂದ ಹೊರಗೆ ಕರೆತರುವುದೇ ಕಷ್ಟವಾಯಿತು.

ಸುರತ್ಕಲ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ದೀಪಸ್ತಂಭ, ಬಂಡೆ, ಸದಾಶಿವ ದೇವಸ್ಥಾನ, ಒಳ್ಳೆಯ ಫೋಟೊ. ಬಂಡೆ ಇರುವಲ್ಲಿ ಈಜು ಬೇಡ ಎಂಬ ಪಾಠ ಸೋಮೇಶ್ವರದಲ್ಲೇ ಆಗಿತ್ತು.

ಸಸಿಹಿತ್ಲು ಹಾಗಲ್ಲ. ಅದು ಮೋಸ ಮಾಡುವ ಜಾಗ. ಹೆದ್ದಾರಿ ಬಿಟ್ಟು ಒಳಗೆ ಹೋದರೆ ತೆಂಗಿನ ತೋಟ, ಮೀನು ಒಣಗಿಸಿದ ಅಂಗಳ, ಕೊನೆಗೆ ನಂದಿನಿ ಮತ್ತು ಶಾಂಭವಿ ಹೊಳೆಗಳು ಒಟ್ಟಾಗಿ ಕಡಲು ಸೇರುವ ಅಳಿವೆ. ಬಂಡೆಯಿಲ್ಲ, ಗದ್ದಲವಿಲ್ಲ, ಬಿಳಿ ಮರಳು ಕಣ್ಣು ಹಾಯುವವರೆಗೆ. ಇಲ್ಲಿಯೇ ಈಜಬೇಕೆಂದು ಯಾರಿಗಾದರೂ ಅನಿಸುತ್ತದೆ. 2016ರಲ್ಲಿ ಇಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ನಡೆದಿತ್ತು. ಪಕ್ಕದ ಮೂಲ್ಕಿಯಲ್ಲಿ ಸರ್ಫಿಂಗ್ ಕಲಿಸುವವರು ಅದಕ್ಕೂ ಎಷ್ಟೋ ಮೊದಲಿನಿಂದ ಇದ್ದಾರೆ. ಸರ್ಫಿಂಗ್ ಮಾಡುವವರು ಹುಡುಕಿಕೊಂಡು ಬರುತ್ತಾರೆಂದರೆ ಅಲ್ಲಿ ತೆರೆ ಚೆನ್ನಾಗಿ ಏಳುತ್ತದೆ ಎಂದರ್ಥ, ಈಜುವವರು ಅದನ್ನು ಶಿಫಾರಸು ಎಂದು ಓದಿಕೊಳ್ಳಬಾರದು.

ಹಲಗೆಗೆ ಮೇಣ ಉಜ್ಜುತ್ತಿದ್ದ ಹುಡುಗನೊಬ್ಬ ಇವಳಿಗೆ ನೀರು ತೋರಿಸಿ ಪಾಠ ಮಾಡಿದ.

"ಅಲ್ಲಿ ನೊರೆ ಇಲ್ಲದೆ ಕಪ್ಪಗೆ, ಶಾಂತವಾಗಿ ಕಾಣ್ತದಲ್ಲ, ಅಲ್ಲಿ ಇಳಿಯುವಾ ಅಂತ ಅನಿಸ್ತದಾ?"

"ಹ್ಞೂಂ, ಅಲ್ಲಿ ಅಲೆನೇ ಇಲ್ವಲ್ಲ."

"ಅದೇ ಎಳೆತ. ನಾವು ಹೊರಗೆ ಹೋಗುವುದು ಅದರಲ್ಲೇ. ಕೈ ಬೀಸುವ ಕೆಲಸವೇ ಇಲ್ಲ, ಅದೇ ಕೊಂಡುಹೋಗ್ತದೆ."

ತೆರೆಗಳು ದಡಕ್ಕೆ ತಂದು ಹಾಕಿದ ನೀರು ಹಿಂದೆ ಹೋಗಲೇಬೇಕು. ನೀರಿನಡಿಯ ಮರಳದಿಬ್ಬಗಳ ನಡುವೆ ಎಲ್ಲಿ ಸಂದು ಸಿಗುತ್ತದೋ ಅಲ್ಲಿಂದ ನುಗ್ಗಿ ಹೋಗುತ್ತದೆ. ಆ ಸಂದಿನಲ್ಲಿ ಆಳ ಹೆಚ್ಚು, ಹಾಗಾಗಿ ತೆರೆ ಒಡೆಯುವುದಿಲ್ಲ, ಹಾಗಾಗಿ ಶಾಂತವಾಗಿ ಕಾಣುತ್ತದೆ. ಜೋರಿದ್ದಾಗ ಈ ಹರಿವು ಸೆಕೆಂಡಿಗೆ 2 ಮೀಟರ್ ದಾಟುತ್ತದೆ. 50 ಮೀಟರ್ ಫ್ರೀಸ್ಟೈಲ್‌ನ ವಿಶ್ವದಾಖಲೆಯ ವೇಗವೂ ಹೆಚ್ಚುಕಡಿಮೆ ಅಷ್ಟೇ. ದಡದ ಕಡೆಗೆ ಎದುರೀಜಿದವರು ಸೋಲುವುದು ಇದಕ್ಕೇ. ಸಿಕ್ಕಿಬಿದ್ದರೆ ತೇಲುತ್ತಿರಬೇಕು, ಕೈ ಎತ್ತಿ ಕರೆಯಬೇಕು, ಸಾಧ್ಯವಾದರೆ ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹರಿವಿನಿಂದ ಹೊರಬಂದು, ನೊರೆ ಇರುವ ಕಡೆಯಿಂದ ದಡಕ್ಕೆ ಬರಬೇಕು. ಅಳಿವೆಯಲ್ಲಿ ಇದರ ಮೇಲೆ ಇಳಿತದ ಹೊತ್ತಿನ ಹೊಳೆನೀರೂ ಸೇರಿಕೊಳ್ಳುತ್ತದೆ. ಹೊಳೆಬಾಯಿಯಲ್ಲಿ ಈಜುವುದೇ ಬೇಡ ಎಂಬುದು ಅಲ್ಲಿಂದ ಮುಂದೆ ನಮ್ಮ ನಿಯಮವಾಯಿತು. ಆ ದಿನ ಹುಡುಗಿ ಹಲಗೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಕಾಲಿಗೆ ಹಗ್ಗ ಕಟ್ಟಿಸಿಕೊಂಡು, ಒಂದು ಗಂಟೆ ಖುಷಿಪಟ್ಟಳು. ನಾನು ಮರಳಲ್ಲಿ ಕೂತು ಮೂಡೆ ತಿಂದೆ.

ಕಾಪುವಿಗೆ ಹೋಗಿ, ಹಿಂದೆ ಬರುವಾಗ ಪಡುಬಿದ್ರಿ ಎಂದು ಇನ್ನೊಂದು ಬೆಳಿಗ್ಗೆ ಬೇಗ ಹೊರಟೆವು. ಹೆಜಮಾಡಿಯ ಟೋಲ್ ದಾಟಿ ಹೆದ್ದಾರಿಯಲ್ಲಿ ನೇರ. ಕಾಪುವಿನಲ್ಲಿ 1901ರ ದೀಪಸ್ತಂಭ ಬಂಡೆಯ ಮೇಲೆ ನಿಂತಿದೆ, ಅದರ ಬುಡದಲ್ಲೆಲ್ಲ ಬಂಡೆ. ನೋಡಿ, ಚಹಾ ಕುಡಿದು ತಿರುಗಿದೆವು.

ಪಡುಬಿದ್ರಿಯದು ಬೇರೆಯೇ ವ್ಯವಸ್ಥೆ. 2020ರ ಅಕ್ಟೋಬರಿನಲ್ಲಿ ಭಾರತದ ಎಂಟು ಬೀಚುಗಳಿಗೆ ಮೊದಲ ಸಲ, ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತಲ್ಲ, ಅದರಲ್ಲಿ ಕರ್ನಾಟಕದವು ಎರಡು: ಹೊನ್ನಾವರದ ಕಾಸರಕೋಡು ಮತ್ತು ಇದು. ಬಾವುಟ ಕೊಡುವ ಸಂಸ್ಥೆ ಡೆನ್ಮಾರ್ಕಿನದು. 33 ಮಾನದಂಡಗಳ ಪಟ್ಟಿ ಅವರದು, ಪ್ರತಿವರ್ಷ ಹೊಸದಾಗಿ ಪರಿಶೀಲನೆ. ಸ್ವಚ್ಛ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಲೈಫ್‌ಗಾರ್ಡ್ ಎಲ್ಲ ಅದರೊಳಗೆ ಬರುತ್ತವೆ. ನನಗೆ ಮುಖ್ಯವೆನಿಸಿದ್ದು ನೀರಿನ ಪರೀಕ್ಷೆ. 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲೈ ಬ್ಯಾಕ್ಟೀರಿಯಾ 250ಕ್ಕಿಂತ ಹೆಚ್ಚಿರಬಾರದು. ಪೇಟೆಯ ಕೊಳಚೆ ಹೊತ್ತ ತೋಡು ಕಡಲಿಗೆ ಸೇರುವ ಜಾಗದಿಂದ ಮಾರು ದೂರದಲ್ಲಿ ಮಕ್ಕಳು ಮುಳುಗೇಳುವುದನ್ನು ನೋಡಿದವರಿಗೆ ಈ ಅಂಕಿಯ ಬೆಲೆ ತಿಳಿಯುತ್ತದೆ.

ಟಿಕೆಟ್ ಕೊಟ್ಟು ಒಳಗೆ ಹೋಗಬೇಕು. ಕಡಲಿಗೆ ಟಿಕೆಟ್ಟೇ ಎಂದು ಮೂಗು ಮುರಿಯುವವರಲ್ಲಿ ನಾನೂ ಇದ್ದೆ. ಬಾಗಿಲಿಗೆ ಚಿಲಕವಿರುವ ಕೋಣೆಯಲ್ಲಿ ಬಟ್ಟೆ ಬದಲಿಸಿ, ಸಿಹಿನೀರಿನ ಷವರಿನಲ್ಲಿ ಉಪ್ಪು ತೊಳೆದುಕೊಂಡು ಹೊರಬಂದ ಮೇಲೆ ಆ ಮಾತು ಹಿಂದಕ್ಕೆ ತೆಗೆದುಕೊಂಡೆ. ಒದ್ದೆ ಬಟ್ಟೆಯಲ್ಲಿ ಕಾರಿನ ಸೀಟಿನ ಮೇಲೆ ಪ್ಲಾಸ್ಟಿಕ್ ಹಾಸಿ ಕೂತು ಮನೆಗೆ ಬರುವುದು ಗಂಡಸರಿಗೆ ತಮಾಷೆಯಿರಬಹುದು.

ಈಜುವ ಜಾಗಕ್ಕೆ ಗಡಿ ಗೊತ್ತು ಮಾಡಿಟ್ಟಿದ್ದರು. ಅದರಾಚೆ ಅಂಗೈಯಷ್ಟು ಹೋದರೂ ಸೀಟಿ. ಇವಳು ಎರಡು ಸಲ ಊದಿಸಿಕೊಂಡಳು. ಜಾಗ ಚಿಕ್ಕದು, ದಂಡೆಯುದ್ದಕ್ಕೆ ಮನಸೋ ಇಚ್ಛೆ ಈಜಬೇಕೆನ್ನುವವರಿಗೆ ತಣ್ಣೀರುಬಾವಿಯೇ ವಾಸಿ. ಮಕ್ಕಳನ್ನು ಮೊದಲ ಸಲ ಕಡಲಿಗೆ ಇಳಿಸುವುದಾದರೆ ಪಡುಬಿದ್ರಿ ಎಂದು ನಾನು ಯೋಚನೆ ಮಾಡದೆ ಹೇಳುತ್ತೇನೆ.

ಬೇಸಿಗೆ ರಜೆಗೆ ಮತ್ತೆ ಬರುತ್ತೇನೆಂದಿದ್ದಾಳೆ. ಏಪ್ರಿಲ್ ಮೊದಲ ವಾರದಲ್ಲೇ ಬಾ ಎಂದಿದ್ದೇನೆ. ಆದರೂ ಮಳೆಗಾಲಕ್ಕೆ ಮುಂಚಿನ ಆ ದಿನಗಳಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಉದ್ದನೆಯ ತೆರೆಗಳು ಸಾವಿರಾರು ಮೈಲಿ ಬಂದು ನಮ್ಮ ದಂಡೆಗೆ ನುಗ್ಗುವುದುಂಟು. ಇಲ್ಲಿ ಗಾಳಿಯೂ ಇರುವುದಿಲ್ಲ, ಮೋಡವೂ ಇರುವುದಿಲ್ಲ. ಕೇರಳದವರು ಅದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇದಕ್ಕೆ ಮುನ್ಸೂಚನೆ ಕೊಡುತ್ತದೆ. ಅವಳು ರೈಲಿನ ಟಿಕೆಟ್ ತೆಗೆಯುವ ಮುಂಚೆ ಅವರ ಪ್ರಕಟಣೆಯನ್ನು ನೋಡಿ ಪ್ರಯೋಜನವಿಲ್ಲ, ಅಷ್ಟು ಮೊದಲೇ ಅದು ಬರುವುದಿಲ್ಲ. ಹಿಂದಿನ ರಾತ್ರಿ ನೋಡುತ್ತೇನೆ. ಎಚ್ಚರಿಕೆ ಇದ್ದರೆ ಮಂಗಳಾ ಈಜುಕೊಳ ಹತ್ತಿರವೇ ಇದೆ.